ಕಟ್ಟದ ಬದಿಯ ಹೈಡ್: ಒಂದು ಚಳಿಗಾಲದ ಬಳಕೆಯ ನಂತರ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದತ್ತ ಸಾಗುವ ದಾರಿಯ ಒಳಭಾಗದಲ್ಲಿರುವ ನಮ್ಮ ಅಡಿಕೆ ತೋಟದ ತೋಡಿಗೆ (ಸಣ್ಣ ಹೊಳೆಗೆ) ಮಳೆಗಾಲ ಮುಗಿದ ಮೇಲೆ ಪ್ರತಿವರ್ಷವೂ ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಹಾಕುತ್ತೇವೆ. ನೀರು ನಿಂತ ಆ ಜಾಗಕ್ಕೆ ಮುಂಜಾನೆ ಕಾಡುಕೋಳಿ ಬರುತ್ತದೆ, ಹಸಿರು ರೆಕ್ಕೆಯ ಕಾಡುಪಾರಿವಾಳ ಬರುತ್ತದೆ, ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ನವರಂಗವೂ ಇಳಿಯುತ್ತದೆ. ಮೂರೂ ಮನುಷ್ಯನ ನೆರಳು ಕಂಡರೆ ನಿಲ್ಲುವ ಹಕ್ಕಿಗಳಲ್ಲ. ನಾಲ್ಕು ವರ್ಷ ಮರದ ಮರೆಯಲ್ಲಿ ನಿಂತು ಅವು ಹಾರಿಹೋಗುವ ಚಿತ್ರಗಳನ್ನಷ್ಟೇ ತೆಗೆದ ಬಳಿಕ, ಕಳೆದ ನವೆಂಬರಿನಲ್ಲಿ ಆನ್‌ಲೈನ್ ಮಳಿಗೆಯೊಂದರಿಂದ 3,800 ರೂಪಾಯಿಗೆ ಒಬ್ಬರು ಕುಳಿತುಕೊಳ್ಳಬಹುದಾದ, ಮಡಚುವ ಹೈಡ್ (ಹಕ್ಕಿಗಳಿಗೆ ಕಾಣದಂತೆ ಒಳಗೆ ಅಡಗಿ ಕೂರುವ ಬಟ್ಟೆಯ ಗುಡಾರ) ತರಿಸಿದೆ. ಫೆಬ್ರವರಿ ಕೊನೆಯವರೆಗೆ ಬಳಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಚೀಲದಿಂದ ಹೊರತೆಗೆದ ಕ್ಷಣವೇ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಡಚುವುದಕ್ಕೆ ಮಾತ್ರ ನಾಲ್ಕೈದು ದಿನದ ಅಭ್ಯಾಸ ಬೇಕು. ಒಳಗೆ ಒಂದು ಗಿಡ್ಡ ಸ್ಟೂಲು, ಟ್ರೈಪಾಡ್, ನೀರಿನ ಬಾಟಲಿ ಹಿಡಿಸುತ್ತವೆ. ಬಟ್ಟೆಯ ಮೇಲೆ ಎಲೆಗಳ ಚಿತ್ತಾರವೇನೋ ಚೆನ್ನಾಗಿದೆ, ಆದರೆ ಹೊಸ ಪಾಲಿಯೆಸ್ಟರ್ ಬಟ್ಟೆ ಬಿಸಿಲಿಗೆ ಮಿನುಗುತ್ತದೆ. ಎರಡು ವಾರ ಮಂಜಿನಲ್ಲಿ ನೆನೆಸಿ, ಕೆಸರು ಸವರಿ, ಮೇಲೆ ಅಡಿಕೆ ಸೋಗೆ ಹೊದಿಸಿದ ಬಳಿಕವೇ ಅದು ತೋಟಕ್ಕೆ ಸೇರಿದ ವಸ್ತುವಾಯಿತು. ಪಕ್ಕದ ತೋಟದವರು ಒಂದು ಬೆಳಿಗ್ಗೆ ಹತ್ತಿರದಲ್ಲೇ ಹಾದುಹೋಗಿ, ನಾನು ಹೊರಬಂದಾಗ ಬೆಚ್ಚಿ, "ಭಾವ, ಆ ಸೋಗೆಯ ರಾಶಿಯೊಳಗೆ ಇದ್ದದ್ದು ನೀವಾ?" ಎಂದು ಕೇಳಿದರು. ಕೊಳೆಯಾಯಿತೆಂದು ಇದನ್ನು ಸೋಪಿನ ಪುಡಿ ಹಾಕಿ ತೊಳೆಯಬಾರದು. ಬಟ್ಟೆಗೆ ಹೊಳಪು ಕೊಡಲು ಅದರಲ್ಲಿ ಬೆರೆಸುವ ರಾಸಾಯನಿಕ ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ, ಆ ಹೊಳಪು ಹಕ್ಕಿಗಳ ಕಣ್ಣಿಗೆ ಎದ್ದು ಕಾಣಬಹುದು.

ಈ ಹೈಡಿನ ದೊಡ್ಡ ದೋಷ ಕಿಟಕಿಯ ಎತ್ತರ. ನೆಲದಿಂದ ಸುಮಾರು ಮೂರಡಿ ಮೇಲಿರುವ ಕಿಟಕಿ ಕೊಂಬೆಯ ಮೇಲೆ ಕೂರುವ ಹಕ್ಕಿಗಳಿಗೆ ಸರಿ, ಆದರೆ ನವರಂಗ ನೆಲದ ಹಕ್ಕಿ. ಅದು ಒಣ ಎಲೆಯೊಂದನ್ನು ಕೊಕ್ಕಿನಲ್ಲಿ ಎತ್ತಿ ಪಕ್ಕಕ್ಕೆಸೆದು, ತಲೆ ಓರೆ ಮಾಡಿ ನೋಡಿ, ಮೋಟು ಬಾಲವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತದೆ. ಮೂರಡಿ ಮೇಲಿನಿಂದ ತೆಗೆದರೆ ಅದರ ಹೊಟ್ಟೆಯಡಿಯ ಕಡುಗೆಂಪು ಬಣ್ಣ ಚಿತ್ರಕ್ಕೆ ಬರುವುದೇ ಇಲ್ಲ.

ಎರಡನೆಯದು ಜಿಪ್. ಐವತ್ತಡಿ ಎತ್ತರದಿಂದ ಸೋಗೆಯೊಂದು ಹಾಳೆ ಸಹಿತ ಧಡಾರನೆ ಬಿದ್ದರೂ ಕಾಡುಕೋಳಿ ಒಮ್ಮೆ ತಲೆಯೆತ್ತಿ ಮತ್ತೆ ಕೆದಕತೊಡಗುತ್ತದೆ, ಏಕೆಂದರೆ ಆ ಸದ್ದಿನ ನಡುವೆಯೇ ಅದು ಬೆಳೆದಿದೆ. ಜಿಪ್ಪನ್ನು ಎರಡು ಅಂಗುಲ ಎಳೆದದ್ದೇ ತಡ, ಅದು ಪೊದೆಯೊಳಗೆ ನುಗ್ಗಿತು. ಹರಟೆಮಲ್ಲಗಳ ಗುಂಪು ಎಬ್ಬಿಸಿದ ಗದ್ದಲದಿಂದಾಗಿ ಆ ದಿನ ಬೇರೆ ಯಾವ ಹಕ್ಕಿಯೂ ಇಳಿಯಲಿಲ್ಲ. ಊರಿನ ದರ್ಜಿಯೊಬ್ಬರು 450 ರೂಪಾಯಿಗೆ ನೆಲದಿಂದ ಒಂದಡಿ ಎತ್ತರದಲ್ಲಿ ಹೊಸ ಕಿಟಕಿ ಕತ್ತರಿಸಿ, ಮಸೂರ ತೂರಿಸಲು ಅಂಗಿಯ ತೋಳಿನಂಥ ಬಟ್ಟೆ ಹೊಲಿದು, ಜಿಪ್ಪಿನ ಬದಲು ಲಾಡಿ ಹಾಕಿಕೊಟ್ಟರು. ಹೀಗೆ ಹೊಲಿಸುವುದು ಸಾಧ್ಯವಿಲ್ಲದವರಿಗೆ ನೆಲದ ಹಕ್ಕಿಗಳ ಚಿತ್ರಣಕ್ಕೆ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ.

1900ರ ಸುಮಾರಿಗೆ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರು ಎತ್ತಿನ ಚರ್ಮ ಹೊದಿಸಿದ ಪೊಳ್ಳು ಆಕೃತಿಯೊಳಗೆ ನಿಂತು ಹಕ್ಕಿಗಳ ಚಿತ್ರ ತೆಗೆದಿದ್ದರು. ಅವರು ಬಳಸಿದ್ದು ಹಕ್ಕಿಗಳಿಗೆ ದಿನವೂ ಕಂಡು ಅಭ್ಯಾಸವಾದ ರೂಪವನ್ನು. ನನ್ನ ಹೈಡೂ ಹಾಗೆಯೇ ಅಭ್ಯಾಸವಾಗಲೆಂದು ಅದನ್ನು ಕಟ್ಟದಿಂದ ಇಪ್ಪತ್ತಡಿ ದೂರದಲ್ಲಿಟ್ಟು ಹನ್ನೆರಡು ದಿನ ಅದರ ಹತ್ತಿರ ಸುಳಿಯಲಿಲ್ಲ. ಹದಿಮೂರನೆಯ ದಿನ ಬೆಳಕು ಹರಿಯುವ ಮೊದಲೇ ಒಳಹೊಕ್ಕು ಕುಳಿತಾಗ, ಏಳು ಗಂಟೆಯ ಹೊತ್ತಿಗೆ ನವರಂಗ ತಾನಾಗಿ ಎದುರು ಬಂತು. ತೋಟದೊಳಗೆ ಆಗ ಬೆಳಕು ಬಹಳ ಕಡಿಮೆ, 500 ಮಿ.ಮೀ. ಮಸೂರವನ್ನು ಎಫ್/5.6ಕ್ಕೆ ತೆರೆದು, ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) 3200ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 1/160 ದಾಟಲಿಲ್ಲ, ಓಡಾಡುವ ಹಕ್ಕಿಗೆ ಅದು ಸಾಲದು. ಟ್ರೈಪಾಡ್ ಊರಿ, ಹಕ್ಕಿ ಎಲೆ ಎಸೆದು ತಟಸ್ಥವಾಗುವ ಆ ಅರೆಗಳಿಗೆಗೆ ಕಾದು ತೆಗೆದ ಏಳು ಚಿತ್ರಗಳಲ್ಲಿ ಎರಡು ಸ್ಪಷ್ಟವಾಗಿವೆ. ಹೈಡ್ ಇಲ್ಲದೆ ಅವೆರಡೂ ಸಿಗುತ್ತಿರಲಿಲ್ಲ.

ಕುಂಬಳೆ ಸಮೀಪದ ಕಿದೂರಿನ ಬಯಲಿಗೂ ಒಮ್ಮೆ ಇದನ್ನು ಒಯ್ದಿದ್ದೆ. ಮುರಕಲ್ಲಿನ ಆ ಬಯಲಿನಲ್ಲಿ ಒಂಬತ್ತು ಗಂಟೆಯ ಮೇಲೆ ಒಳಗೆ ಕೂರುವುದು ಅಸಾಧ್ಯ. ಗಾಳಿಯಾಡಲು ಹಿಂಬದಿಯಲ್ಲಿರುವ ಜಾಲರಿ ಅಂಗೈಯಷ್ಟೇ ಅಗಲ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಳದಿ ಗಲ್ಲದ ಟಿಟ್ಟಿಭ ಇಂಥ ಬಯಲಿನ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ. ಹೈಡಿದೆಯೆಂಬ ಧೈರ್ಯದಿಂದ ಗೂಡಿನ ಹತ್ತಿರ ಅದನ್ನು ಊರಿದರೆ ತಾಯಿಹಕ್ಕಿ ದೂರ ನಿಲ್ಲುತ್ತದೆ, ಕಾದ ಕಲ್ಲಿನ ಮೇಲೆ ಮೊಟ್ಟೆಗಳು ಬೇಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಗೂಡು ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಹೈಡಿನೊಂದಿಗೆ ಬಂದ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ಬೇಸರ ತಂದಿದೆ.

ನೀರು ಒಳಬರುವುದಿಲ್ಲವೆಂಬ ಮಾರಾಟಗಾರರ ಮಾತು ನಿಜವಲ್ಲ, ಒಂದು ಅಕಾಲಿಕ ಮಳೆಗೆ ಹೊಲಿಗೆಗಳು ಸೋರಿದವು. ಆರಡಿ ಎತ್ತರದವರಿಗೆ ಮೊಣಕಾಲು ಚಾಚಲು ಜಾಗ ಸಾಲದು. ಹೊಲಿಗೆ ಸೇರಿ 4,250 ರೂಪಾಯಿಗೆ, ತೋಟದಲ್ಲೋ ಕಾಡಂಚಿನ ಸ್ವಂತ ಜಾಗದಲ್ಲೋ ವಾರಗಟ್ಟಲೆ ಬಿಟ್ಟಿಡಲು ಸಾಧ್ಯವಿರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಬೆಳಿಗ್ಗೆ ಊರಿ ಮಧ್ಯಾಹ್ನ ಮಡಚಿ ಒಯ್ಯಬೇಕಾದವರಿಗೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ.