80 ನ್ಯಾನೊಮೀಟರ್ ಮೆಂಬ್ರೇನ್: ನ್ಯಾನೊಟ್ಯೂಬ್ ಸಾಲುಗಟ್ಟಿಸುವವರಿಗೆ

ಕಾರ್ಬನ್ ನ್ಯಾನೊಟ್ಯೂಬ್‌ಗಳೆಲ್ಲ (ಇಂಗಾಲದ ಅತಿಸೂಕ್ಷ್ಮ ಕೊಳವೆಗಳು) ಒಂದೇ ದಿಕ್ಕಿಗೆ ಮಲಗಿದ ತೆಳು ಫಿಲ್ಮ್ ಬೇಕೆನ್ನುವವರು ಮೊದಲು ದುಡ್ಡು ಸುರಿಯುವುದು ಟ್ಯೂಬ್‌ಗಳ ಮೇಲೆ. ನನ್ನನ್ನು ಕೇಳಿದರೆ, ಮೊದಲು ಒಳ್ಳೆಯ ಮೆಂಬ್ರೇನ್, ಅಂದರೆ ಸೋಸುವ ತೆಳು ಹಾಳೆ, ತರಿಸಿಕೊಳ್ಳಿ. ನಾನು ಬಳಸುತ್ತಿರುವುದು 80 ನ್ಯಾನೊಮೀಟರ್ ರಂಧ್ರಗಳ, ಪಿವಿಪಿ (ನೀರು ಹತ್ತುವಂತೆ ಮಾಡುವ ಪಾಲಿಮರ್) ಲೇಪನದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮೆಂಬ್ರೇನ್.

ಸೋಸುತ್ತಲೇ ಟ್ಯೂಬ್‌ಗಳನ್ನು ಸಾಲುಗಟ್ಟಿಸುವ ಈ ವಿಧಾನ 2016ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜುನಿಚಿರೊ ಕೊನೊ ತಂಡ ತೋರಿಸಿಕೊಟ್ಟದ್ದು. ಸೋಡಿಯಂ ಡಿಯಾಕ್ಸಿಕೋಲೇಟ್ (ಸೋಪಿನಂತೆ ಕೆಲಸ ಮಾಡುವ ರಾಸಾಯನಿಕ) ಬೆರೆಸಿದ ನೀರಿನಲ್ಲಿ ಟ್ಯೂಬ್‌ಗಳನ್ನು ಬಿಡಿಬಿಡಿಯಾಗಿಸಿ, ಆ ದ್ರಾವಣವನ್ನು ಚೆನ್ನಾಗಿ ತೆಳುವಾಗಿಸಿ, ವ್ಯಾಕ್ಯೂಮ್‌ನಲ್ಲಿ ಸೋಸಬೇಕು. ಗಂಟೆಗೆ ಒಂದೆರಡು ಮಿಲಿಲೀಟರ್, ಅಷ್ಟೇ. ಅವಸರಪಟ್ಟರೆ ಟ್ಯೂಬ್‌ಗಳು ಚೆಲ್ಲಾಡಿದ ಹುಲ್ಲಿನಂತೆ ಅಡ್ಡಾದಿಡ್ಡಿ ಬೀಳುತ್ತವೆ. ಕೊನೆಗೆ ಫಿಲ್ಮ್ ಒಣಗಿಸುವಾಗ ಮಾತ್ರ ಪಂಪ್ ಜೋರು ಮಾಡಬಹುದು.

ಈ ಮೆಂಬ್ರೇನ್‌ನ ಹೊಳೆಯುವ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಹೋಗಿರುತ್ತವೆ. ಟ್ಯೂಬ್‌ಗಳು ಯಾವ ಕಡೆ ಮುಖ ಮಾಡಬೇಕೆಂದು ಹೇಳಿಕೊಡುವುದು ಆ ಗೀರುಗಳು ಎಂಬುದು 2020ರಲ್ಲಿ ಗೊತ್ತಾಯಿತು. ಸೋಸಲೆಂದು ತಯಾರಾದ ವಸ್ತು ದಿಕ್ಕು ತೋರುವ ಕೆಲಸವನ್ನೂ ಮಾಡುತ್ತದೆ ಅನ್ನುವುದು ನನಗೆ ಇವತ್ತಿಗೂ ಸಂತೋಷದ ಸಂಗತಿ. ಆದ್ದರಿಂದ ಹೊಳೆಯುವ ಮುಖ ಮೇಲಿರಲೇಬೇಕು. ಪ್ಯಾಕೆಟ್‌ನಲ್ಲಿ ನಡುನಡುವೆ ಇರುವ ನೀಲಿ ಹಾಳೆ ಬರೀ ಬೇರ್ಪಡಿಸುವ ಕಾಗದ, ಅದನ್ನು ಫನೆಲ್‌ಗೆ ಹಾಕಬೇಡಿ.

ಫಿಲ್ಮ್ ಗಾಜಿಗೆ ವರ್ಗಾಯಿಸುವುದೂ ಸುಲಭ. ಫಿಲ್ಮ್ ಇರುವ ಮುಖವನ್ನು ಗಾಜಿಗೆ ಒತ್ತಿ, ಕ್ಲೋರೊಫಾರ್ಮ್ ಹಾಕಿದರೆ ಮೆಂಬ್ರೇನ್ ಕರಗಿಹೋಗಿ ಟ್ಯೂಬ್‌ಗಳಷ್ಟೇ ಉಳಿಯುತ್ತವೆ. ಇದು ಫ್ಯೂಮ್ ಹುಡ್ (ವಿಷಾವಿ ಹೊರಗೆಳೆಯುವ ಲ್ಯಾಬ್ ಕಪಾಟು) ಒಳಗೇ ಆಗಬೇಕಾದ ಕೆಲಸ. ಆಮೇಲೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಹಿಡಿದು ತಿರುಗಿಸಿ ನೋಡಿ: ಅದರ ದಿಕ್ಕು ಟ್ಯೂಬ್‌ಗಳ ಉದ್ದಕ್ಕೆ ಬಂದಾಗ ಫಿಲ್ಮ್ ಕಪ್ಪಾಗುತ್ತದೆ, ಅಡ್ಡಕ್ಕೆ ಬಂದಾಗ ತಿಳಿಯಾಗುತ್ತದೆ. ಆ ವ್ಯತ್ಯಾಸ ಎದ್ದು ಕಂಡರೆ ಕೆಲಸ ಗೆದ್ದಂತೆ.

ದೂರು ಒಂದಿದೆ. ಎಲ್ಲ ಪ್ಯಾಕೆಟ್‌ಗಳೂ ಒಂದೇ ಗುಣಮಟ್ಟದ್ದಲ್ಲ. ನನಗೆ ಬಂದ ಒಂದರಲ್ಲಿ ಹಾಳೆಗಳ ಅಂಚು ಸುಕ್ಕಾಗಿತ್ತು, ಅಲ್ಲೆಲ್ಲ ಸಾಲು ಕೆಟ್ಟಿತು. ಮಾರಿದವರು ಬದಲಿಸಿಕೊಡಲಿಲ್ಲ. ಹೀಗಾಗಿ ಹೊಸ ಪ್ಯಾಕೆಟ್ ಒಡೆದಾಗಲೆಲ್ಲ ಮೊದಲ ಹಾಳೆಯನ್ನು ಪರೀಕ್ಷೆಗೇ ಮೀಸಲಿಡುತ್ತೇನೆ. ಅಂಚಿನ ಇನ್ನೊಂದು ತೊಂದರೆ ಮೆಂಬ್ರೇನ್‌ನದಲ್ಲ, ಫನೆಲ್‌ನದು: ಗಾಜಿನ ಗೋಡೆಗೆ ನೀರು ಹತ್ತಿ ಮೇಲ್ಮೈ ಬಾಗುತ್ತದೆ. ಗಾಜಿಗೆ ಸಿಲೇನ್ ಎಂಬ ಸಿಲಿಕಾನ್ ಸಂಯುಕ್ತ ಲೇಪಿಸಿ ನೀರು ಹತ್ತದಂತೆ ಮಾಡಿದರೆ ಮೇಲ್ಮೈ ಸಮನಾಗಿ, ಫಿಲ್ಮ್ ಅಂಚಿನವರೆಗೂ ಚೆನ್ನಾಗಿ ಬರುತ್ತದೆ.

ಗೊಂಚಲು ಗೊಂಚಲಾಗಿ ಅಂಟಿಕೊಂಡ ಟ್ಯೂಬ್‌ಗಳಿಗೆ ಈ ಮೆಂಬ್ರೇನ್ ಕೊಳ್ಳಬೇಡಿ. ಮೊದಲು ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ (ಅತಿ ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಗೊಂಚಲು ತೆಗೆದು, ಆಮೇಲೆ ಇದರ ಮೇಲೆ ಸುರಿಯಿರಿ.