ಮಡಚುವ ಮೇಜು, ಕುದುರೆ ಜೋಡಿ, ಜಾಲಿ ಮರ: ತಾರಸಿಯ ಮೇಲೆ ಎರಡು ವರ್ಷ

ಮಡಚುವ ಮೇಜು ಕೊಳ್ಳಬಹುದೇ ಎಂದು ಕೇಳುವವರಿಗೆ ನಾನು ಮೊದಲು ಹಾಕುವುದು ಒಂದೇ ಪ್ರಶ್ನೆ: ನೀವು ಮರವನ್ನು ಹೆಚ್ಚಾಗಿ ಕೊಯ್ಯುತ್ತೀರೋ, ಕೀಸುತ್ತೀರೋ? ಎರಡು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಹಾಗಾಗಿ 6,400 ರೂಪಾಯಿ ಕೊಟ್ಟು ತಂದುಬಿಟ್ಟೆ.

ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಮರಗೆಲಸ ನನ್ನ ಹೊಟ್ಟೆಪಾಡಲ್ಲ, ಭಾನುವಾರದ ಚಟ. ಜಾಗವೆಂದರೆ ತಾರಸಿ. ಮಾರ್ಚ್ ಬಂದಿತೆಂದರೆ ಬೆಳಿಗ್ಗೆ ಒಂಬತ್ತರ ಮೇಲೆ ಅಲ್ಲಿ ಬರಿಗಾಲಿಡಲಾಗದು. ಆರೂವರೆಗೆ ಹತ್ತಿ, ಎರಡು ತಾಸು ಕೆಲಸ ಮಾಡಿ, ಎಲ್ಲವನ್ನೂ ಕೆಳಗಿಳಿಸಬೇಕು. ಇಂಥವನಿಗೆ ಮಡಚಿ ಬಾಗಿಲ ಹಿಂದೆ ನಿಲ್ಲಿಸಬಹುದಾದ ಮೇಜಿಗಿಂತ ಬೇರೇನು ಬೇಕು ಎಂದುಕೊಂಡಿದ್ದೆ.

ಮೊದಲ ತಿಂಗಳು ಅದರ ಮೇಲೆ ನನಗೆ ಮೋಹವೇ ಹುಟ್ಟಿತ್ತು. ಮೇಲ್ಭಾಗದಲ್ಲಿ ಎರಡು ಉದ್ದ ಹಲಗೆಗಳು. ಒಂದು ಕದಲುವುದಿಲ್ಲ, ಇನ್ನೊಂದು ಎರಡು ತಿರುಪುಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಅಂದರೆ ಇಡೀ ಮೇಜೇ ಒಂದು ಇಕ್ಕಳ. ಎರಡು ಹಿಡಿಗಳನ್ನು ಬೇರೆ ಬೇರೆಯಾಗಿ ತಿರುಗಿಸಬಹುದಾದ್ದರಿಂದ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವ ತುಂಡನ್ನೂ ಅದು ಬಿಗಿಯಾಗಿ ಕಚ್ಚುತ್ತದೆ. ಈ ಬಗೆಯ ಮೇಜನ್ನು ಕಂಡುಹಿಡಿದವರು ರಾನ್ ಹಿಕ್‌ಮನ್. ಲೋಟಸ್ ಎಲಾನ್ ಕಾರನ್ನು ವಿನ್ಯಾಸ ಮಾಡಿದವರೂ ಅವರೇ. ಬಟ್ಟೆ ಕಪಾಟು ಮಾಡುವಾಗ ಕುರ್ಚಿಯನ್ನೇ ಮೇಜಿನಂತೆ ಬಳಸಿ, ಹಲಗೆಯ ಜೊತೆಗೆ ಕುರ್ಚಿಯನ್ನೂ ಕೊಯ್ದುಬಿಟ್ಟಿದ್ದರಂತೆ. ಹಲವು ಕಂಪನಿಗಳು ಬೇಡವೆಂದ ಮೇಲೆ, 1970ರ ದಶಕದ ಆರಂಭದಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಅದನ್ನು ‘ವರ್ಕ್‌ಮೇಟ್’ ಹೆಸರಿನಲ್ಲಿ ಮಾರತೊಡಗಿತು. ಅಡುಗೆಮನೆಯ ಸ್ಟೂಲಿನ ಅಂಚಿನಲ್ಲಿ ಗರಗಸದ ಗೆರೆ ಮೂಡಿಸಿ ಬೈಸಿಕೊಂಡವನು ನಾನು. ಆ ಕುರ್ಚಿಯ ಕಥೆ ಓದಿದಾಗ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಬೇವಿನ ಹಲಗೆಗಳು ಬಂದವು. ಪುಸ್ತಕದ ಕಪಾಟಿಗೆಂದು ನಾಲ್ಕು ಅಡಿ ಉದ್ದದ ಆರು ಹಲಗೆ. ಒಂದನ್ನು ಕಚ್ಚಿಸಿ, ಮರ ಕೀಸಿ ನಯ ಮಾಡುವ ಉಜ್ಜುಗೊರಡು ಓಡಿಸಿದೆ. ಗೊರಡಿನ ಜೊತೆ ಮೇಜೂ ಹೊರಟಿತು. ಕಾಲು ಒತ್ತಿ ಹಿಡಿದರೆ ಜಾರುವುದು ನಿಂತು ಓಲಾಡುವುದು ಶುರುವಾಯಿತು. ಪೆಟ್ಟಿಗೆಯ ಮೇಲೆ 200 ಕೆಜಿ ತಡೆಯುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದು ಸುಳ್ಳಲ್ಲ. ನಾನೂ ತಮ್ಮನೂ ಒಟ್ಟಿಗೆ ಹತ್ತಿ ನಿಂತರೂ ಅದು ಜಗ್ಗಲಿಲ್ಲ. ಆದರೆ ಆ ಲೆಕ್ಕ ಮೇಲಿನಿಂದ ಬೀಳುವ ಭಾರದ್ದು. ಗೊರಡಿನ ನೂಕು ಅಡ್ಡಕ್ಕೆ. ಮೇಜಿನ ಸ್ವಂತ ತೂಕ 14 ಕೆಜಿ. ಅಷ್ಟು ತೂಕದ ವಸ್ತುವನ್ನು ನಯವಾದ ಸಿಮೆಂಟ್ ನೆಲದ ಮೇಲೆ ಜಾರಿಸಲು ಏಳೆಂಟು ಕೆಜಿಯ ನೂಕು ಸಾಕು. ಮಡಚಲೆಂದೇ ಮಾಡಿದ ಕಾಲುಗಳಲ್ಲಿ ಪ್ರತಿ ಕೀಲಿಗೂ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಎಲ್ಲವೂ ಕೂಡಿದಾಗ ಮೇಲ್ಭಾಗ ಬೆರಳಗಲ ಆಡುತ್ತದೆ.

ಉಳಿ ಹಿಡಿದಾಗ ಇನ್ನೂ ಕಷ್ಟ. ಸಂದಿಗೆ ಕುಳಿ ತೋಡುವಾಗ ಕೊಡತಿಯ ಪೆಟ್ಟಿಗೆ ತೆಳು ತಗಡಿನ ಕಾಲುಗಳು ಸ್ಪ್ರಿಂಗಿನಂತೆ ಪುಟಿಯುತ್ತವೆ. ಹೊಡೆದ ಪೆಟ್ಟಿನಲ್ಲಿ ಅರ್ಧ ಮರಕ್ಕೆ, ಅರ್ಧ ಮೇಜಿಗೆ. ನಾಲ್ಕು ಪೆಟ್ಟಿನ ಕೆಲಸಕ್ಕೆ ಏಳೆಂಟು ಪೆಟ್ಟು ಬೇಕಾಗುತ್ತದೆ, ಅಷ್ಟರಲ್ಲಿ ಕುಳಿಯ ಅಂಚು ಕೆಟ್ಟಿರುತ್ತದೆ.

ಸುಮ್ಮನೆ ಬಿಡಲಿಲ್ಲ. ಕೆಳಗಿನ ಅಡ್ಡಪಟ್ಟಿಯ ಮೇಲೆ ಹಲಗೆ ಹಾಸಿ 20 ಲೀಟರಿನ ಎರಡು ನೀರಿನ ಕ್ಯಾನ್ ಇಟ್ಟೆ, 40 ಕೆಜಿ ಸೇರಿತು. ಮೇಜಿನ ತುದಿಯನ್ನು ತಾರಸಿಯ ಮೋಟುಗೋಡೆಗೆ ಒತ್ತಿ ನಿಲ್ಲಿಸಿ ಗೋಡೆಯ ಕಡೆಗೇ ಕೀಸಿದೆ. ಜಾರುವುದು ನಿಂತಿತು, ಓಲಾಟ ಅರ್ಧ ತಗ್ಗಿತು. ಆದರೆ ಎರಡು ಕ್ಯಾನ್ ನೀರು ಹೊತ್ತು ಮೆಟ್ಟಿಲು ಹತ್ತುವವನಿಗೆ ಹಗುರವಾದ ಮೇಜಿನಿಂದ ಆದ ಲಾಭವೇನು? ಮೇ ತಿಂಗಳ ಅಕಾಲ ಮಳೆಯಲ್ಲಿ ಒಂದು ರಾತ್ರಿ ಮೇಲೆಯೇ ಮರೆತೆ. ಹಲಗೆಗಳು ಗಟ್ಟಿ ಮರದವೆಂದು ನಂಬಿದ್ದೆ, ಬೆಳಿಗ್ಗೆ ನೋಡಿದರೆ ಅಂಚುಗಳು ನೆನೆದ ರಸ್ಕಿನಂತೆ ಉಬ್ಬಿದ್ದವು. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಒತ್ತುಹಲಗೆ. ಅವನ್ನು ಕಿತ್ತು 18 ಮಿಮೀ ಪ್ಲೈವುಡ್ ಹಾಕಿಕೊಂಡಿದ್ದೇನೆ.

ಸ್ನೇಹಿತನಿಂದ ಎರವಲು ತಂದ ಪ್ಲಾಸ್ಟಿಕ್ ಮಡಚುಮೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣ ಹಚ್ಚಲು, ಅಂಟು ಒಣಗಿಸಲು, ಮಿರ್ಚಿ ಮಂಡಕ್ಕಿ ಹರಡಿಕೊಂಡು ಕೂರಲು ಚೆನ್ನಾಗಿದೆ.

ಮಡಚುವ ಮೇಜಿಗೆ ನಿಜವಾದ ಎದುರಾಳಿ ಕುದುರೆ ಜೋಡಿ. ನಾಲ್ಕು ಕಾಲಿನ ಎರಡು ಮರದ ಅಡ್ಡೆಗಳು, ಮೇಲೊಂದು ಪ್ಲೈವುಡ್ ಹಾಳೆ. ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಪಟ್ಟಿಗಳಲ್ಲಿ ಒಂದೇ ಭಾನುವಾರ ಮಾಡಿದೆ. ತಗುಲಿದ್ದು ಸ್ಕ್ರೂ ಸೇರಿ 700 ರೂಪಾಯಿಗೂ ಕಡಿಮೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿಮೀ ಪ್ಲೈವುಡ್ ಹಾಳೆ 30 ಕೆಜಿಯ ಮೇಲೆ ತೂಗುತ್ತದೆ. ಮಡಚುವ ಮೇಜಿನ ಮೇಲೆ ಅದು ತಕ್ಕಡಿಯಂತೆ ಆಡುತ್ತದೆ, ಕೊಯ್ತ ಮುಗಿಯುವ ಹೊತ್ತಿಗೆ ತುಂಡು ಮುರಿದು ಪಾದದ ಮೇಲೆ ಬೀಳುತ್ತದೆ. ಕುದುರೆಗಳನ್ನು ಬೇಕಾದಷ್ಟು ದೂರ ಸರಿಸಿ ನಿಲ್ಲಿಸಬಹುದು, ಮೊಣಕಾಲಿನ ಎತ್ತರಕ್ಕೆ ಮಾಡಿಕೊಂಡರೆ ಹಲಗೆಯ ಮೇಲೆ ಮಂಡಿಯೂರಿ ಕೈಗರಗಸ ಎಳೆಯಬಹುದು. ಗರಗಸ ತಗುಲಿ ಕುದುರೆಗೇ ಗಾಯವಾದರೂ ಬೇಸರವಿಲ್ಲ. ಅವಕ್ಕೆ ಕಚ್ಚುವ ಬಾಯಿಲ್ಲ ಎಂಬುದೊಂದೇ ಕೊರತೆ. ಪ್ರತಿ ತುಂಡಿಗೂ ಶಿಕಂಜ (ಬಿಗಿದು ಹಿಡಿಯುವ ಕ್ಲ್ಯಾಂಪ್) ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ಅರ್ಧ ಹೊತ್ತು ಅದರಲ್ಲೇ ಹೋಗುತ್ತದೆ.

ಈ ಎಲ್ಲ ಪರದಾಟವನ್ನು ಪಕ್ಕದ ಮನೆಗೆ ಕಿಟಕಿ ಕೂರಿಸಲು ಬಂದಿದ್ದ ವಯಸ್ಸಾದ ಬಡಿಗರೊಬ್ಬರು ಒಂದು ದಿನ ನೋಡಿದರು. ಮೇಲೆ ಬಂದು ನನ್ನ ಹಲಗೆಯನ್ನು ಎತ್ತಿ ನೆಲಕ್ಕೆ ಹಾಕಿದರು. ಅದರ ತಲೆಯನ್ನು ಗೋಡೆಗೆ ತಾಗಿಸಿ, ಎದುರು ಕುಳಿತು, ಅಂಗಾಲಿನಿಂದ ಹಲಗೆಯ ಬದಿಯನ್ನು ಒತ್ತಿ ಹಿಡಿದು ಕೀಸಿದರು. ಒಂದೇ ಎಳೆಯಲ್ಲಿ ನಾಲ್ಕಡಿ ಉದ್ದದ ಸುರುಳಿ ಬಂತು. ‘ಭೂಮಿತಾಯಿ ಅಲುಗಾಡುತ್ತಾಳೇನು?’ ಎಂದರು. ಒಂದು ಪೈಸೆ ಖರ್ಚಿಲ್ಲದ ಮೇಜು. ನಾನೂ ಮೂರು ಭಾನುವಾರ ಹಾಗೆಯೇ ಕುಳಿತು ಮಾಡಿದೆ. ಕೆಲಸ ಚೆನ್ನಾಗಿಯೇ ಬಂತು, ಕುರ್ಚಿಗೆ ಒಗ್ಗಿದ ಸೊಂಟ ಮಾತ್ರ ಸೋಮವಾರ ಕಚೇರಿಯಲ್ಲಿ ಮಾತಾಡಿಸಿತು. ನೆಲದಲ್ಲಿ ಕೂರುವುದು ಚಿಕ್ಕಂದಿನಿಂದ ಬರಬೇಕಾದ ವಿದ್ಯೆ.

ನೆಲದಷ್ಟೇ ಗಟ್ಟಿಯಾದದ್ದು ನಿಂತು ಕೆಲಸ ಮಾಡುವ ಎತ್ತರದಲ್ಲಿ ಬೇಕು ಎಂದಾಗ ದಾರಿ ಒಂದೇ, ತೂಕ. ಕರಿಜಾಲಿಯನ್ನು ಆರಿಸಿದ್ದು ಅದಕ್ಕೇ. ಗಾಡಿಯ ಗಾಲಿಗೆ, ನೇಗಿಲಿಗೆ ಹಿಂದಿನವರು ಬಳಸುತ್ತಿದ್ದ ಮರ. ನಮ್ಮ ಕಪ್ಪುನೆಲದ ಹೊಲಗಳ ಬದುಗಳಲ್ಲಿ ಧಾರಾಳ. ಒಣಗಿದ ತೇಗ ಘನ ಅಡಿಗೆ ಸುಮಾರು 18 ಕೆಜಿ ತೂಗಿದರೆ ಜಾಲಿ 22 ಕೆಜಿಯ ಆಸುಪಾಸು. ಐದಡಿ ಉದ್ದ, ಎರಡಡಿ ಅಗಲ, ಎರಡಿಂಚು ದಪ್ಪದ ಮೇಲ್ಭಾಗ, ಮೂರಿಂಚು ಚದರದ ಕಾಲುಗಳು, ಅಡ್ಡಪಟ್ಟಿ, ಎಲ್ಲ ಸೇರಿ 60 ಕೆಜಿ. ಮರ, ಕೊಯ್ಯಿಸಿದ ಕೂಲಿ, ಬೋಲ್ಟು ಕೂಡಿ 5,500 ರೂಪಾಯಿ. ಆದರೆ ಕೊಯ್ಸಿದ ಹಲಗೆಗಳನ್ನು ಸಂದು ಬಿಟ್ಟು ಪೇರಿಸಿ ನೆರಳಿನಲ್ಲಿ ಒಣಗಿಸಲು ಒಂದು ಇಡೀ ಬೇಸಿಗೆ ಹೋಯಿತು. ಅವಸರಪಟ್ಟು ಬಿಸಿಲಿಗೆ ಹಾಕಿದ ಒಂದು ಹಲಗೆ ತುದಿಯಿಂದ ಗೇಣುದ್ದ ಸೀಳಿತು. ಈ ಮರಕ್ಕೆ ಮೊಳೆ ಹೊಡೆಯಲು ಹೋಗಬೇಡಿ. ಮೊದಲು ತೂತು ಕೊರೆಯದಿದ್ದರೆ ಮೊಳೆಯೇ ಮಡಚಿಕೊಳ್ಳುತ್ತದೆ.

ಬಾಡಿಗೆ ಮನೆಯೆಂದು ಕಾಲುಗಳನ್ನು ಬೋಲ್ಟಿನಿಂದ ಬಿಗಿದಿದ್ದೇನೆ. ಆದರೂ ಮೇಲ್ಭಾಗವೊಂದೇ 38 ಕೆಜಿ, ಇಬ್ಬರು ಬೇಕು. ನೀರಿನ ಟ್ಯಾಂಕಿನ ಪಕ್ಕದ ತಗಡಿನ ಚಪ್ಪರದಡಿ ಅದು ಬೇರು ಬಿಟ್ಟಂತೆ ನಿಂತಿದೆ. ಗೊರಡು ಓಡಿಸಿದರೆ ಮರದ ಸದ್ದು ಮಾತ್ರ ಕೇಳುತ್ತದೆ, ಮೇಜಿನ ಸದ್ದಿಲ್ಲ.

ಹಾಗಾದರೆ ಮಡಚುವ ಮೇಜಿಗೆ ಕೊಟ್ಟ ದುಡ್ಡು ದಂಡವೇ? ಹಾಗೆಂದುಕೊಂಡು ಮಾರಲು ಹೊರಟಿದ್ದೆ. ಅಷ್ಟರಲ್ಲಿ ಚಿತ್ರದುರ್ಗದ ಅಕ್ಕನ ಮನೆಯಲ್ಲಿ ಮಳೆಗೆ ಉಬ್ಬಿದ ಬಾಗಿಲು ಮುಚ್ಚದಾಯಿತು. ಮೇಜನ್ನು ಬಗಲಿಗಿಟ್ಟು ಬಸ್ ಹತ್ತಿದೆ. ಇಸ್ತ್ರಿ ಮೇಜು ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದರು. ಅಕ್ಕನ ಅಂಗಳದಲ್ಲಿ ಬಾಗಿಲನ್ನು ಅಂಚು ಮೇಲಾಗಿ ಕಚ್ಚಿಸಿ, ಭಾವನನ್ನು ಕೆಳಗಿನ ಪಟ್ಟಿಯ ಮೇಲೆ ನಿಲ್ಲಿಸಿಕೊಂಡು, ಅರ್ಧ ತಾಸಿನಲ್ಲಿ ಎರಡು ನೂಲು, ಅಂದರೆ ಕಾಲು ಇಂಚು, ಕೀಸಿ ಮುಗಿಸಿದೆ. ಜಾಲಿ ಮೇಜು ಅಲ್ಲಿಗೆ ಬರುತ್ತಿರಲಿಲ್ಲ, ಕುದುರೆಗಳು ಬಂದರೂ ಬಾಗಿಲನ್ನು ನೆಟ್ಟಗೆ ಹಿಡಿಯುತ್ತಿರಲಿಲ್ಲ.

ವಿದ್ಯುತ್ ಗರಗಸ, ಡ್ರಿಲ್, ಸ್ಯಾಂಡರ್ ಇವುಗಳಲ್ಲೇ ಕೆಲಸ ಮುಗಿಯುವವರು, ಮನೆಯಿಂದ ಮನೆಗೆ ಹೋಗಿ ರಿಪೇರಿ ಮಾಡುವವರು ಕಣ್ಣು ಮುಚ್ಚಿ ಕೊಳ್ಳಲಿ. ಕಣ್ಣು ತೆರೆದು ನೋಡಬೇಕಾದದ್ದು ಎರಡು: ಹಲಗೆಯ ಅಂಚಿನಲ್ಲಿ ಪದರಗಳು ಕಾಣುತ್ತವೆಯೇ, ಅಥವಾ ಹೊಟ್ಟು ಕಾಣುತ್ತದೆಯೇ ಎಂಬುದು ಒಂದು. ಎರಡನೆಯದು, ಅಂಗಡಿಯಲ್ಲೇ ಬಿಡಿಸಿ ನಿಲ್ಲಿಸಿ, ಮೇಲೆ ಕೂರಬೇಡಿ, ಪಕ್ಕದಿಂದ ನೂಕಿ ನೋಡಿ. ಕೈಗೊರಡು, ಉಳಿ ಹಿಡಿಯುವವರಿಗೆ ನನ್ನ ಸಲಹೆ ಮೊದಲು ಕುದುರೆ, ಆಮೇಲೆ ಭಾರದ ಮೇಜು, ಮಿಕ್ಕ ಹಣವಿದ್ದರೆ ಇದು.

ನನ್ನದು ಈಗ ಜಾಲಿ ಮೇಜಿನ ಪಕ್ಕದಲ್ಲೇ ನಿಲ್ಲುತ್ತದೆ, ಉದ್ದದ ಹಲಗೆಯ ಹೊರಚಾಚಿದ ತುದಿಗೆ ಆಸರೆಯಾಗಿ. ಅರ್ಧ ಇಂಚು ಕುಳ್ಳಾಗಿತ್ತು. ಕಪಾಟಿನಲ್ಲಿ ಮಿಕ್ಕ ಬೇವಿನ ತುಂಡುಗಳನ್ನು ಅದರ ಕಾಲಡಿಗೆ ಕೊಟ್ಟು ಸರಿಮಾಡಿಕೊಂಡಿದ್ದೇನೆ.