ವಾಟ್ ಫೋಗೆ ನಾಲ್ಕು ದಾರಿ: ಬ್ಯಾಂಕಾಕ್‌ನಲ್ಲಿ ಅಮ್ಮನೊಂದಿಗೆ ದೋಣಿ, ಮೆಟ್ರೊ, ಟ್ಯಾಕ್ಸಿ, ಟುಕ್‌ಟುಕ್

ಬ್ಯಾಂಕಾಕ್‌ಗೆ ಟಿಕೆಟ್ ಮಾಡಿಸಿದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ಎಷ್ಟು ನಡೆಯಬೇಕಾಗುತ್ತದೆ, ಎಷ್ಟು ಮೆಟ್ಟಿಲು?" ಅವಳಿಗೆ ಅರವತ್ತೇಳು. ಬಲಮಂಡಿ ಹತ್ತುವಾಗ ಸುಮ್ಮನಿರುತ್ತದೆ, ಇಳಿಯುವಾಗ ನೋಯುತ್ತದೆ. ಏನನ್ನು ನೋಡಬೇಕು ಎನ್ನುವುದಕ್ಕಿಂತ ಹೇಗೆ ಹೋಗಬೇಕು ಎನ್ನುವುದೇ ನನಗೆ ದೊಡ್ಡ ಚಿಂತೆಯಾಯಿತು.

ನಾವು ಉಳಿದದ್ದು ಚಾವ್ ಫ್ರಾಯಾ ನದಿಯ ಪಕ್ಕದ ಸಫಾನ್ ತಾಕ್ಸಿನ್ ನಿಲ್ದಾಣದ ಬಳಿ. ಅರಮನೆ, ವಾಟ್ ಫೋ, ವಾಟ್ ಅರುಣ್ ('ವಾಟ್' ಎಂದರೆ ಬೌದ್ಧ ದೇವಾಲಯ) ಎಲ್ಲವೂ ಒಂದೇ ದಿಕ್ಕಿಗೆ, ನದಿಯ ಮೇಲುಭಾಗದಲ್ಲಿವೆ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕದೆ ನಾಲ್ಕು ದಿನಗಳಿಗೆ ಹಂಚಿಕೊಂಡೆವು. ಆ ನಾಲ್ಕೂ ದಿನ ಬೇರೆ ಬೇರೆ ವಾಹನ ಹತ್ತಿದ್ದರಿಂದ ಒಂದೇ ದಾರಿಯನ್ನು ತೂಗಿ ನೋಡುವ ಅವಕಾಶ ಸಿಕ್ಕಿತು.

ಮೊದಲ ದಿನ ದೋಣಿ. ಜೆಟ್ಟಿಯಲ್ಲಿ ಕಾಲಿಟ್ಟ ಕೂಡಲೇ ಪ್ರವಾಸಿಗರನ್ನು ನೀಲಿ ಬಾವುಟದ ದೋಣಿಯ ಕಡೆಗೆ ಕರೆಯುತ್ತಾರೆ. ಅದು ಕೆಟ್ಟದ್ದೇನಲ್ಲ: ಜಾಗ ಹೆಚ್ಚು, ಇಂಗ್ಲಿಷಿನಲ್ಲಿ ವಿವರಣೆಯೂ ಉಂಟು. ಆದರೆ ಊರಿನವರು ಕಚೇರಿಗೆ, ಮಾರುಕಟ್ಟೆಗೆ ಹೋಗುವುದು ಕಿತ್ತಳೆ ಬಾವುಟದ ದೋಣಿಯಲ್ಲಿ. ನಾವು ಹೋದಾಗ ಎಲ್ಲಿ ಇಳಿದರೂ 16 ಥಾಯ್ ಬಾತ್. ನೀಲಿಗೆ ಅದರ ಸುಮಾರು ಎರಡು ಪಟ್ಟು. ನಾವು ಕಿತ್ತಳೆಯನ್ನೇ ಆರಿಸಿಕೊಂಡೆವು.

ಅಮ್ಮ ಸಿಗಂದೂರಿನ ಲಾಂಚ್ ಎಷ್ಟೋ ಸಲ ಹತ್ತಿದವಳು. ಇದನ್ನೂ ಅವಳು ಲಾಂಚ್ ಎಂದೇ ಕರೆದಳು. ಆದರೆ ಶರಾವತಿ ಹಿನ್ನೀರಿನ ಲಾಂಚ್ ದಡಕ್ಕೆ ತಾಗಿ, ನಿಂತು, ಎಲ್ಲರನ್ನೂ ಇಳಿಸುತ್ತಿತ್ತು. ಇಲ್ಲಿ ಅಷ್ಟು ಪುರುಸೊತ್ತಿಲ್ಲ. ಹಿಂಭಾಗದಲ್ಲಿ ನಿಂತ ಹುಡುಗ ಸೀಟಿ ಊದುತ್ತಾನೆ. ಚಾಲಕನಿಗೆ ಹಿಂದೇನಾಗುತ್ತಿದೆ ಎಂಬುದು ಕಾಣುವುದಿಲ್ಲ, ಆ ಸೀಟಿಯೇ ಅವನ ಕಣ್ಣು. ದೋಣಿ ಹಿಂದಕ್ಕೆ ಸರಿದು ಜೆಟ್ಟಿಗೆ ಒರಗುತ್ತದೆ, ಹುಡುಗ ಹಗ್ಗವನ್ನು ಗೂಟಕ್ಕೆ ಸುತ್ತುತ್ತಾನೆ, ಅರ್ಧ ನಿಮಿಷದಲ್ಲಿ ಇಳಿಯುವವರು ಇಳಿದು ಹತ್ತುವವರು ಹತ್ತಬೇಕು. ನಡುವಿನ ಸಂದಿ ಒಮ್ಮೆ ಗೇಣು, ಮರುಕ್ಷಣ ಒಂದೂವರೆ ಗೇಣು. ಅಮ್ಮ ತಡೆದು ನಿಂತಳು. ಆ ಹುಡುಗ ಏನೂ ಹೇಳದೆ ಅವಳ ಮೊಣಕೈ ಹಿಡಿದು ಒಳಗೆ ದಾಟಿಸಿದ. ಆಮೇಲೆ ಕಂಡಕ್ಟರ್ ಹೆಂಗಸು ಉದ್ದನೆಯ ಲೋಹದ ಡಬ್ಬಿಯನ್ನು ಟಕಟಕ ಎನ್ನಿಸುತ್ತಾ ಬಂದು, ಅದರ ಮುಚ್ಚಳ ತೆರೆದು ಚಿಲ್ಲರೆ ಹಾಕಿಕೊಂಡು ಚೀಟಿ ಹರಿದು ಕೊಟ್ಟಳು. ಭಿಕ್ಷುಗಳಿಗೆ ಮೀಸಲಾದ ಜಾಗದಲ್ಲಿ ಕಾವಿ ತೊಟ್ಟ ಇಬ್ಬರು ಹುಡುಗರು ನಿಂತಿದ್ದರು.

ಸುಮಾರು ಇಪ್ಪತ್ತು ನಿಮಿಷದ ದಾರಿ. ಅಂತರಗಂಗೆಯ ಹಸಿರು ತೆಪ್ಪಗಳು ತೇಲಿ ಹೋಗುತ್ತವೆ, ಅಕ್ಕಪಕ್ಕದಲ್ಲಿ ಸರಕು ತುಂಬಿದ ಬಾರ್ಜ್‌ಗಳ ಸಾಲು. 1932ರಲ್ಲಿ ತೆರೆದ ಮೆಮೋರಿಯಲ್ ಸೇತುವೆ ದಾಟಿದರೆ ಬಲಕ್ಕೆ ಹೂವಿನ ಮಾರುಕಟ್ಟೆ. ಆಮೇಲೆ ಎಡಕ್ಕೆ ವಾಟ್ ಅರುಣ್‌ನ ಗೋಪುರ ತಾನಾಗಿ ಎದ್ದು ಬರುತ್ತದೆ. ಥಾ ತಿಯೆನ್ ಜೆಟ್ಟಿಯಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ವಾಟ್ ಫೋ.

ಎರಡನೆಯ ದಿನ ರೈಲು. ಸಫಾನ್ ತಾಕ್ಸಿನ್‌ನಿಂದ ಸಾಲಾ ಡೇಂಗ್‌ವರೆಗೆ ಎತ್ತರಿಸಿದ ಹಳಿಯ ಸ್ಕೈಟ್ರೇನ್, ಅಲ್ಲಿಂದ ಕೆಳಗಿಳಿದು ನೆಲದಡಿಯ ಮೆಟ್ರೊ. ಎರಡೂ ಬೇರೆ ಬೇರೆ ಸಂಸ್ಥೆಗಳವು, ಟಿಕೆಟ್ಟೂ ಬೇರೆ. ಎರಡೂ ಸೇರಿ ತಲೆಗೆ ಅರವತ್ತು ಬಾತ್‌ನ ಆಸುಪಾಸಾಯಿತು. ದೋಣಿಗಿಂತ ದುಬಾರಿ, ಸಮಯವೂ ಹೆಚ್ಚು. ಆದರೆ ಅಮ್ಮನ ಮಂಡಿಗೆ ಇದೇ ಹಿತ. ಎಸ್ಕಲೇಟರ್, ಲಿಫ್ಟ್ ಇವೆ. ಬೋಗಿಯೊಳಗೆ ಕುಳಿತವರು ಎದ್ದು ಹಿರಿಯರಿಗೆ ಜಾಗ ಬಿಡುತ್ತಾರೆ. ಎಸಿ ಮಾತ್ರ ಎಷ್ಟು ತಣ್ಣಗೆಂದರೆ ಹೊರಗಿನ ಬಿಸಿಲಿನಿಂದ ಬಂದವರಿಗೆ ಶಾಲು ಬೇಕೇ ಬೇಕು.

ಇಳಿಯುವ ನಿಲ್ದಾಣ ಸನಾಮ್ ಚಾಯ್, 2019ರಲ್ಲಿ ತೆರೆದದ್ದು. ಬ್ಯಾಂಕಾಕ್‌ನ ಅರಮನೆ ಸಭಾಂಗಣಗಳ ಶೈಲಿಯಲ್ಲಿ ಕಟ್ಟಿದ್ದಾರೆ. ಸಾಲುಗಂಬಗಳು, ಕೆಂಪು ಮತ್ತು ಚಿನ್ನದ ಬಣ್ಣದ ಛಾವಣಿ. ಅಮ್ಮ ಒಂದು ಕಂಬಕ್ಕೆ ಕೈಯಿಟ್ಟು, "ಇದೇ ದೇವಸ್ಥಾನವೇನೋ ಎಂದುಕೊಂಡೆ" ಎಂದಳು. ಅಲ್ಲಿಂದ ವಾಟ್ ಫೋಗೆ ಐದಾರು ನಿಮಿಷದ ನಡಿಗೆ. ಕೊರತೆ ಒಂದೇ: ನೆಲದಡಿಯಲ್ಲಿ ಊರು ಕಾಣುವುದಿಲ್ಲ. ಸಾಲಾ ಡೇಂಗ್‌ನ ಗಾಜಿನ ಕಟ್ಟಡಗಳ ಕೆಳಗೆ ಇಳಿದವರು ಅರಮನೆಯ ಪಕ್ಕದಲ್ಲಿ ಮೇಲೆ ಬರುತ್ತೇವೆ, ನಡುವಿನ ಚೀನೀ ಪೇಟೆಯ ಸುಳಿವೇ ಸಿಗುವುದಿಲ್ಲ.

ಮೂರನೆಯ ದಿನ ಹತ್ತಿದ ಟ್ಯಾಕ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 35 ಬಾತ್‌ನಿಂದ ಮೀಟರ್ ಆರಂಭ. ಮೀಟರ್ ಹಾಕಲು ಇಬ್ಬರು ಒಪ್ಪಲಿಲ್ಲ, ಮೂರನೆಯವನು ಒಪ್ಪಿದ. ಚರೋನ್ ಕ್ರುಂಗ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತು ನಿಂತು ಸಾಗಿದೆವು. ರಾಜ ಮೊಂಗ್ಕುಟ್ 1860ರ ದಶಕದಲ್ಲಿ ಮಾಡಿಸಿದ ಈ ರಸ್ತೆ ಬ್ಯಾಂಕಾಕ್‌ನ ಮೊದಲ ಆಧುನಿಕ ರಸ್ತೆ. ಅಲ್ಲಿಯವರೆಗೆ ಊರು ಓಡಾಡಿದ್ದು ನೀರಿನ ಮೇಲೆ. ದೋಣಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಮುಟ್ಟಿದ ಜಾಗಕ್ಕೆ ಕಾರಿನಲ್ಲಿ ಅಷ್ಟು ಹೊತ್ತು ಹಿಡಿದಾಗ, ಇದು ನದಿಗೆ ಮುಖ ಮಾಡಿ ಕಟ್ಟಿದ ಊರು ಎಂಬುದು ನನಗೆ ಚೆನ್ನಾಗಿ ಅರ್ಥವಾಯಿತು. ಥಾಯ್ ಭಾಷೆಯಲ್ಲಿ ಕಾರು, ಬಸ್ಸು, ರೈಲು ಎಲ್ಲದರ ಹೆಸರಲ್ಲೂ 'ರೋಟ್' ಎಂಬ ಪದವಿದೆ. ಅದು ನಮ್ಮ 'ರಥ'ವೇ. ಹೀಗೆಂದಾಗ ಅಮ್ಮನಿಗೆ ಬಹಳ ಸಂತೋಷವಾಯಿತು.

ಟುಕ್‌ಟುಕ್ ಹತ್ತಿದ್ದು ನಾಲ್ಕನೆಯ ದಿನ. ತೆರೆದ ಗಾಡಿ, ಗಾಳಿ, ಬಣ್ಣದ ದೀಪ. ಒಮ್ಮೆ ಕುಳಿತು ನೋಡಬೇಕಾದದ್ದೇ. ಇನ್ನೂರು ಕೇಳಿದವನು ನೂರೈವತ್ತಕ್ಕೆ ಬಂದ. ಆದರೆ ಅರಮನೆಯ ಗೋಡೆಯ ಬಳಿ ಇಳಿಸಿದಾಗ ಅಲ್ಲಿ ನಿಂತಿದ್ದ ಸಭ್ಯ ವೇಷದ ಒಬ್ಬ, "ಮಧ್ಯಾಹ್ನದವರೆಗೆ ಅರಮನೆ ಮುಚ್ಚಿದೆ, ಅಷ್ಟರಲ್ಲಿ ಬೇರೆ ಗುಡಿಗಳನ್ನು ತೋರಿಸುತ್ತಾರೆ, ಇದೇ ಗಾಡಿಯಲ್ಲಿ ಹೋಗಿ" ಎಂದ. ಹೀಗೆ ಹೋದವರು ಹರಳಿನ ಅಂಗಡಿಗೆ ಮುಟ್ಟುತ್ತಾರೆ. ನಾನು ಕ್ಷಣಕಾಲ ನಂಬಿದ್ದೆ. ಅಮ್ಮನೇ ತಡೆದಳು: "ಅಲ್ಲಿ ನೋಡು, ಜನ ಭುಜ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಾರೆ." ಬಾಗಿಲು ತೆರೆದೇ ಇತ್ತು. ಯಾರು ಏನೇ ಹೇಳಲಿ, ಟಿಕೆಟ್ ಕೌಂಟರ್‌ವರೆಗೆ ನಡೆದುಹೋಗಿ ನಿಮ್ಮ ಕಣ್ಣಾರೆ ನೋಡಿ.

ಐದನೆಯದೊಂದಿದೆ, ಅದಕ್ಕೆ ಅಮ್ಮನನ್ನು ಕರೆದೊಯ್ಯಲಿಲ್ಲ: ಸೇನ್ ಸೇಪ್ ಕಾಲುವೆಯ ದೋಣಿ. ಮೂರನೆಯ ರಾಮ ಎಂಬ ಥಾಯ್ ರಾಜನ ಕಾಲದಲ್ಲಿ, 1837ರಿಂದ ತೋಡಿದ ಈ ಕಾಲುವೆ ಕಾಂಬೋಡಿಯಾದ ದಿಕ್ಕಿನಲ್ಲಿ ನಡೆದಿದ್ದ ಯುದ್ಧಕ್ಕೆ ಸೈನ್ಯ ಸಾಗಿಸಲು ಮಾಡಿದ್ದು. ಈಗ ಅದು ಪೇಟೆಯ ನಡುವಿನ ಅವಸರದ ದಾರಿ. ಹುವಾ ಚಾಂಗ್ ಸೇತುವೆಯ ಬಳಿ ಹತ್ತಿ, ಪ್ರತುನಾಮ್‌ನಲ್ಲಿ (ಹೆಸರಿನ ಅರ್ಥ 'ನೀರಬಾಗಿಲು') ದೋಣಿ ಬದಲಿಸಿ ಅಸೋಕ್‌ವರೆಗೆ ಹೋದೆ. ಕಂಡಕ್ಟರ್ ಹೆಲ್ಮೆಟ್ ಧರಿಸಿ ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಹಣ ಕೇಳುತ್ತಾನೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕುಳಿತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸುತ್ತಾರೆ, ಇಲ್ಲದಿದ್ದರೆ ಕಪ್ಪುನೀರು ಮೈಮೇಲೆ. ನನ್ನ ಕೈಗೂ ಒಂದು ಹಗ್ಗ ಬಂತು, ಎಳೆದೆ. ವಾಸನೆ ಇದೆ, ಎಂಜಿನ್ ಸದ್ದು ಕಿವಿಗಡಚಿಕ್ಕುತ್ತದೆ. ಆದರೂ ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ, ಕುಂಡದ ಗಿಡಗಳ ಪಕ್ಕದಲ್ಲೇ ಹಾದುಹೋಗುವ ಆ ದಾರಿಯನ್ನು ನಾನು ಐದರಲ್ಲಿ ಹೆಚ್ಚು ಪ್ರೀತಿಸಿದೆ. ಒಬ್ಬರೇ ಇದ್ದರೆ, ಕಾಲು ಗಟ್ಟಿಯಿದ್ದರೆ ಬಿಡಬೇಡಿ.

ಹಿರಿಯರು ಜೊತೆಗಿದ್ದರೆ ನನ್ನ ಸಲಹೆ ಬೇರೆ. ಬೆಳಗಿನ ಕಚೇರಿ ಗದ್ದಲ ಇಳಿದ ಮೇಲೆ, ಒಂಬತ್ತೂವರೆಯ ನಂತರ ಕಿತ್ತಳೆ ದೋಣಿಯಲ್ಲಿ ಹೋಗಿ. ಸಂಜೆ ದಣಿದ ಕಾಲುಗಳನ್ನು ಮೆಟ್ರೊದಲ್ಲಿ ಕರೆತನ್ನಿ. ಸಂಜೆ ಐದರ ದೋಣಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕಿಸೆಯಲ್ಲಿ ಚಿಲ್ಲರೆ ಇರಲಿ.

ಹೊರಡುವ ದಿನ ಬೆಳಿಗ್ಗೆ ಅಮ್ಮನೇ ಥಾ ತಿಯೆನ್‌ಗೆ ಮತ್ತೆ ಹೋಗೋಣ ಎಂದಳು. ಆಚೆ ದಡದ ವಾಟ್ ಅರುಣ್‌ಗೆ ದಾಟಿಸುವ ಪುಟ್ಟ ದೋಣಿಗೆ ತಲೆಗೆ ಐದು ಬಾತ್. ಅವಳು ಆಗಲೇ ಎರಡು ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದಿದ್ದಳು. ಸಂದಿಯನ್ನು ಒಮ್ಮೆ ನೋಡಿ, ದೋಣಿ ಒರಗುವುದನ್ನೇ ಕಾದು, ಎಡಗಾಲು ಮುಂದಿಟ್ಟು ದಾಟಿದಳು. ನಂತರ ತಿರುಗಿ ನನ್ನ ಕಡೆ ಕೈ ಚಾಚಿದಳು.